ಬೀಡಿ ಕಟ್ಟಿದ ಬೆರಳಿಗೆ ಕಾಗದದ ಹೂವು

ಪೆರ್ನಾಲ್‌ಗೆ ಇನ್ನೂ ಹದಿನೈದು ದಿನ ಉಂಟು ಎನ್ನುವಾಗಲೇ ಒಂದು ಕಾಲದಲ್ಲಿ ಫ್ಯಾನ್ಸಿ ಅಂಗಡಿಗಳ ಎದುರು ಗ್ರೀಟಿಂಗ್ ಕಾರ್ಡಿನ ಸ್ಟ್ಯಾಂಡ್‌ಗಳು ಬಂದು ನಿಲ್ಲುತ್ತಿದ್ದವು. ಮಿನಾರ, ಅರ್ಧಚಂದ್ರ, ಮಿನುಗುವ ಪುಡಿ ಅಂಟಿಸಿದ ಗುಲಾಬಿ. ಗಲ್ಫಿನಲ್ಲಿ ಇರುವವರಿಗೆ ಹಬ್ಬದ ಒಳಗೆ ತಲುಪಬೇಕಾದರೆ ಬೇಗ ಬರೆದು ಅಂಚೆಗೆ ಹಾಕಬೇಕಿತ್ತು. ಅಲ್ಲಿಂದ ಬಂದ ಕಾರ್ಡನ್ನು ಶೋಕೇಸಿನ ಗಾಜಿನ ಒಳಗೆ ನಿಲ್ಲಿಸಿಡುವುದೂ ಇತ್ತು. ಈಗ ಚಂದ್ರ ಕಂಡ ಸುದ್ದಿಯ ಬೆನ್ನಿಗೇ ಮೊಬೈಲಿಗೆ ರಾಶಿ ರಾಶಿ ‘ಈದ್ ಮುಬಾರಕ್’ ಬಂದು ಬೀಳುತ್ತದೆ. ಹೆಚ್ಚಿನವು ಫಾರ್ವರ್ಡ್. ಯಾರು ಕಳಿಸಿದ್ದು ಅಂತ ಸರಿಯಾಗಿ ನೋಡುವ ಮೊದಲೇ ಡಿಲೀಟ್ ಕೂಡ ಆಗಿರುತ್ತದೆ.

ಅಂಗಡಿಯ ಕಾರ್ಡು ಹೆಚ್ಚುಕಡಿಮೆ ಹೋಯಿತು. ಆದರೆ ಕೈಯಲ್ಲಿ ಮಾಡಿದ ಕಾರ್ಡು ಬೇರೆ ದಾರಿಯಲ್ಲಿ ವಾಪಸ್ ಬರುತ್ತಾ ಉಂಟು. ನಿಕಾಹ್‌ಗೆ ದುಡ್ಡು ಹಾಕಿ ಕೊಡುವ ಕವರ್, ಮೈಲಾಂಜಿ ರಾತ್ರಿಯ ತಟ್ಟೆಗೆ ಅಂಟಿಸುವ ಹೂವು, ಮಗುವಿಗೆ ಹೆಸರಿಟ್ಟಾಗ ಗೋಡೆಗೆ ತೂಗುಹಾಕುವ ಫ್ರೇಮ್, ಕಾಲೇಜು ಹುಡುಗಿಯರ ಕಿವಿಯ ಜುಮುಕಿ, ಇವೆಲ್ಲ ಕಾಗದದಲ್ಲೇ ಆಗುತ್ತಿವೆ. ಕಾಗದವನ್ನು ತೆಳ್ಳಗಿನ ಪಟ್ಟಿ ಮಾಡಿ, ಸುರುಳಿ ಸುತ್ತಿ, ಬೆರಳಲ್ಲಿ ಒತ್ತಿ ಆಕಾರ ಕೊಟ್ಟು ಅಂಟಿಸುವ ಈ ಕೆಲಸಕ್ಕೆ ಕ್ವಿಲ್ಲಿಂಗ್ ಅಂತ ಹೆಸರು. ಮನೆಯಲ್ಲಿ ಒಬ್ಬಳಾದರೂ ಇದನ್ನು ಯೂಟ್ಯೂಬ್ ನೋಡಿ ಕಲಿತವಳು ಇರುತ್ತಾಳೆ, ನಿಮ್ಮ ಮನೆಯಲ್ಲೂ ಇರಬಹುದು.

ಹೇಗೆ ಮಾಡುವುದು ಅಂತ ಯೂಟ್ಯೂಬ್ ಹೇಳಿಕೊಡುತ್ತದೆ. ಎಷ್ಟಕ್ಕೆ ಕೊಡುವುದು ಅಂತ ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಈ ಬರಹದಲ್ಲಿ ಎರಡೂ ಉಂಟು.

ಮೊದಲು ಈ ಕೆಲಸ ಬಂದ ದಾರಿಯನ್ನು ಸ್ವಲ್ಪ ನೋಡೋಣ. ಕ್ವಿಲ್ ಎಂದರೆ ಹಕ್ಕಿಯ ಗರಿಯ ದಂಟು. ಹದಿನೈದು, ಹದಿನಾರನೇ ಶತಮಾನದ ಯುರೋಪಿನ ಕ್ರೈಸ್ತ ಮಠಗಳಲ್ಲಿ ಸನ್ಯಾಸಿನಿಯರು ಪುಸ್ತಕದ ಅಂಚು ಕತ್ತರಿಸುವಾಗ ಉಳಿದ, ಚಿನ್ನದ ಬಣ್ಣ ಬಳಿದ ಕಾಗದದ ಪಟ್ಟಿಗಳನ್ನು ಹೆಬ್ಬಾತಿನ ಗರಿಗೆ ಸುತ್ತಿ ಅಲಂಕಾರ ಮಾಡುತ್ತಿದ್ದರು. ಬೆಳ್ಳಿ, ಬಂಗಾರದ ತಂತಿಯಲ್ಲಿ ಮಾಡುವ ಜಾಲರಿ ಕೆಲಸ ಅವರ ಕೈಗೆ ಎಟಕುವಂಥದ್ದಲ್ಲ. ಅದರ ಬದಲಿಗೆ ಕಾಗದ. ದೂರದಿಂದ ನೋಡಿದರೆ ಚಿನ್ನದ ಕೆಲಸದ ಹಾಗೆಯೇ ಕಾಣುತ್ತಿತ್ತಂತೆ. ನಮ್ಮ ಅಜ್ಜಿಯಂದಿರ ಕಿವಿಯ ಅಲಿಕತ್ತನ್ನು ನೆನಪು ಮಾಡಿಕೊಂಡರೆ ಆ ನಾಜೂಕಿನ ಕೆಲಸ ಎಂಥದ್ದು ಅಂತ ಗೊತ್ತಾಗುತ್ತದೆ.

ಆ ಕಾಗದವಾದರೂ ಯುರೋಪಿಗೆ ಎಲ್ಲಿಂದ ಹೋಯಿತು? ಚೀನಾದಲ್ಲಿ ಹುಟ್ಟಿದ ಕಾಗದ ಎಂಟನೇ ಶತಮಾನದಲ್ಲಿ ಸಮರ್ಕಂದ್ ಮತ್ತು ಬಗ್ದಾದಿಗೆ ಬಂದು, ಅರಬರ ಕೈಯಿಂದ ಸ್ಪೇನ್ ದಾರಿಯಾಗಿ ಯುರೋಪಿಗೆ ಹೋದದ್ದು. ಪ್ರೆಸ್ಸಿನವರು ‘ಒಂದು ರೀಮು ಪೇಪರ್’ ಅನ್ನುತ್ತಾರಲ್ಲ, ಆ ರೀಮ್ ಎಂಬ ಇಂಗ್ಲಿಷ್ ಪದದ ಮೂಲ ಅರಬಿಯ ‘ರಿಝ್ಮ’, ಅಂದರೆ ಕಟ್ಟು. ಕಾಗದ ಎಂಬ ಪದವೂ ಪಾರಸಿಯ ‘ಕಾಗಝ್’.

ಹದಿನೆಂಟನೇ ಶತಮಾನಕ್ಕೆ ಬರುವಾಗ ಕ್ವಿಲ್ಲಿಂಗ್ ಇಂಗ್ಲೆಂಡಿನ ಉಳ್ಳವರ ಮನೆಯ ಹೆಣ್ಣುಮಕ್ಕಳ ಹೊತ್ತು ಕಳೆಯುವ ಕೆಲಸವಾಗಿತ್ತು. 1811ರಲ್ಲಿ ಬಂದ ಜೇನ್ ಆಸ್ಟಿನ್‌ಳ ‘ಸೆನ್ಸ್ ಆ್ಯಂಡ್ ಸೆನ್ಸಿಬಿಲಿಟಿ’ ಕಾದಂಬರಿಯಲ್ಲಿ ಇದರ ಒಂದು ಸಣ್ಣ ಪ್ರಸಂಗ ಉಂಟು. ಲೂಸಿ ಎಂಬ ಹುಡುಗಿ, ಕೈಯಲ್ಲಿ ದುಡ್ಡಿಲ್ಲದವಳು, ದೊಡ್ಡವರ ಮನೆಗೆ ಅತಿಥಿಯಾಗಿ ಬಂದಿದ್ದಾಳೆ. ಆ ಮನೆಯ ಮುದ್ದಿನ ಮಗುವಿಗೆ ಕಾಗದದ ಸುರುಳಿಯ ಬುಟ್ಟಿ ಮಾಡಿಕೊಡುವ ಕೆಲಸ ಅವಳ ತಲೆಗೆ ಬಿದ್ದಿದೆ. ರಾತ್ರಿ ಎಲ್ಲರೂ ಇಸ್ಪೀಟಿಗೆ ಕೂರುವಾಗ ಮನೆಯೊಡತಿ ನಯವಾಗಿ ಹೇಳುತ್ತಾಳೆ, ಈ ಹೊತ್ತು ನೀನು ಬುಟ್ಟಿ ಮುಗಿಸುವುದಿಲ್ಲವಲ್ಲ, ಒಳ್ಳೆಯದಾಯಿತು, ಮೊಂಬತ್ತಿಯ ಬೆಳಕಿಗೆ ಕಣ್ಣು ನೋಯುತ್ತದೆ ಅಂತ. ಮಾತಿನ ಒಳಗಿನ ಮಾತು ಲೂಸಿಗೆ ಅರ್ಥವಾಗುತ್ತದೆ. ಆಟ ಬಿಟ್ಟು ಕೂಡಲೇ ಬುಟ್ಟಿ ಹಿಡಿದು ಕೂರುತ್ತಾಳೆ. ಆ ಕೆಲಸಕ್ಕೆ ಅವಳಿಗೆ ಸಂಬಳ ಇಲ್ಲ. ದೊಡ್ಡವರ ಮೆಚ್ಚುಗೆ ಮಾತ್ರ. ಇನ್ನೂರು ವರ್ಷ ಕಳೆದರೂ ‘ನೀನು ಚೆಂದ ಮಾಡ್ತಿ ಅಲ್ವ, ನಮ್ಮ ಮದುವೆಗೂ ಸ್ವಲ್ಪ ಮಾಡಿಕೊಡು’ ಎಂಬ ನಯದ ಮಾತು ಹಾಗೆಯೇ ಉಳಿದಿದೆ.

ಬೆರಳಿಗೆ ಗೊತ್ತಿರುವ ಕೆಲಸ

ನಮ್ಮ ಜಿಲ್ಲೆಯ ಬ್ಯಾರಿ ಮನೆಗಳಿಗೆ ಸುತ್ತುವ ಕೆಲಸ ಹೊಸತಲ್ಲ. ತಡ್ಪೆಯನ್ನು ಮಡಿಲಲ್ಲಿಟ್ಟು, ಅಳತೆಯ ತಗಡಿಟ್ಟು ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ಹಾಕಿ, ಹೆಬ್ಬೆರಳು ತೋರುಬೆರಳಿನ ನಡುವೆ ಉರುಳಿಸಿ, ಬಾಯಿ ಮಡಚಿ, ನೂಲು ಸುತ್ತಿ ಬೀಡಿ ಕಟ್ಟಿದ ಉಮ್ಮಂದಿರ ಮಕ್ಕಳು ನಾವು. ಆ ದುಡ್ಡಲ್ಲಿ ಶಾಲೆಯ ಫೀಸು ಕಟ್ಟಿದ, ಕಿವಿಗೆ ಚಿನ್ನ ಮಾಡಿಸಿದ ಮನೆಗಳು ಎಷ್ಟೋ. ಕ್ವಿಲ್ಲಿಂಗಿಗೆ ಬೇಕಾದದ್ದೂ ಅದೇ ಎರಡು ಬೆರಳು, ಅದೇ ಒಂದೇ ಸಮನಾದ ಬಿಗಿ. ಬೀಡಿ ಕಟ್ಟಿ ಅಭ್ಯಾಸ ಇರುವ ಹೆಂಗಸಿನ ಕೈಗೆ ಕಾಗದದ ಪಟ್ಟಿ ಕೊಟ್ಟು ನೋಡಿ, ನಾಲ್ಕನೇ ಸುರುಳಿಗೇ ಕೈ ಕೂಡಿಬರುತ್ತದೆ. ಹೊಗೆಸೊಪ್ಪಿನ ಧೂಳು, ಘಾಟು ಇಲ್ಲ ಎನ್ನುವುದೊಂದು ಸಮಾಧಾನ.

ಹಾಗಂತ ಬೀಡಿಯ ಬದಲಿಗೆ ಕ್ವಿಲ್ಲಿಂಗ್ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೀಡಿಗೆ ಬ್ರಾಂಚು ಉಂಟು, ಕಟ್ಟಿಕೊಟ್ಟರೆ ತೆಗೆದುಕೊಳ್ಳುವವರು ಉಂಟು. ಕಾನೂನಿನ ಆಸರೆಯೂ ಉಂಟು. ಕಾಗದದ ಹೂವಿಗೆ ಇದ್ಯಾವುದೂ ಇಲ್ಲ. ಮಾಡುವವಳೂ ಮಾರುವವಳೂ ಒಬ್ಬಳೇ. ಅದಕ್ಕೇ ಲೆಕ್ಕ ಇನ್ನೂ ಗಟ್ಟಿ ಇರಬೇಕು.

ಸಾಮಾನು ಏನೇನು?

ಹೆಚ್ಚೇನೂ ಬೇಡ. ಅಂಗಡಿಯಲ್ಲಿ ಕತ್ತರಿಸಿದ ಪಟ್ಟಿಯ ಪ್ಯಾಕೆಟ್ ಸಿಗುತ್ತದೆ. ಕಾರ್ಡಿಗೆ 3 ಮಿಲಿಮೀಟರ್ ಅಗಲದ್ದು, ಜುಮುಕಿಗೆ 3 ಅಥವಾ 5, ಎಸಳು ಬಿಡಿಸಿದ ದೊಡ್ಡ ಹೂವಿಗೆ 10 ಮಿಲಿಮೀಟರ್. ಮನೆಯಲ್ಲೇ ಕತ್ತರಿಸುವುದಾದರೆ ಎ4 ಬಣ್ಣದ ಹಾಳೆಯ ಅಗಲ 210 ಮಿಲಿಮೀಟರ್. ಉದ್ದಕ್ಕೆ 3 ಮಿಲಿಮೀಟರಿನಂತೆ ಸ್ಟೀಲ್ ಸ್ಕೇಲು, ಬ್ಲೇಡು ಇಟ್ಟು ಎಳೆದರೆ ಒಂದು ಹಾಳೆಗೆ 70 ಪಟ್ಟಿ. ಜೆರಾಕ್ಸ್ ಕಾಗದಕ್ಕಿಂತ ಸ್ವಲ್ಪ ದಪ್ಪ, 100ರಿಂದ 120 ಜಿಎಸ್ಎಂ ಇದ್ದರೆ ಸುರುಳಿ ನಿಲ್ಲುತ್ತದೆ. ಕತ್ತರಿಸುವ ಮೊದಲು ಹಾಳೆಯನ್ನು ಎರಡೂ ಕಡೆಗೆ ಮೆಲ್ಲಗೆ ಬಗ್ಗಿಸಿ ನೋಡಿ. ಒಂದು ಕಡೆಗೆ ಸಲೀಸಾಗಿ ಸುರುಳುತ್ತದೆ, ಇನ್ನೊಂದು ಕಡೆಗೆ ಮೊಂಡುತನ ಮಾಡುತ್ತದೆ. ಸಲೀಸಾಗಿ ಸುರುಳುವ ಕಡೆಗೇ ಪಟ್ಟಿಯ ಉದ್ದ ಬರಬೇಕು. ಇಲ್ಲವಾದರೆ ಸುತ್ತುವಾಗ ಕಾಗದ ಅಲ್ಲಲ್ಲಿ ಮುರಿದ ಹಾಗೆ ಕಾಣುತ್ತದೆ.

ಪ್ರೆಸ್ಸಿನಲ್ಲಿ ಪರಿಚಯದವರು ಇದ್ದರೆ ಮದುವೆ ಕಾಗದ ಕತ್ತರಿಸಿ ಉಳಿದ ಅಂಚುಗಳನ್ನು ಕೇಳಿ ನೋಡಬಹುದು. ಹೊಳೆಯುವ, ದಪ್ಪದ, ಚೆಂದದ ಕಾಗದ. ಎಷ್ಟೋ ಸಲ ರದ್ದಿಗೇ ಹೋಗುತ್ತದೆ. ಆ ಸನ್ಯಾಸಿನಿಯರು ಮಾಡಿದ್ದೂ ಇದನ್ನೇ ಅಲ್ಲವೇ.

ಸುತ್ತುವ ಕಡ್ಡಿ ಅಂಗಡಿಯಲ್ಲಿ ಸಿಗುತ್ತದೆ, ತುದಿಯಲ್ಲಿ ಸೀಳು ಇರುವಂಥದ್ದು. ತರಲು ಆಗದಿದ್ದರೆ ದಪ್ಪ ಸೂಜಿಯ ಕಣ್ಣಿನ ತುದಿಯನ್ನು ಕಟ್ಟಿಂಗ್ ಪ್ಲೇಯರಲ್ಲಿ ಚೂರು ಕತ್ತರಿಸಿ, ಚೂಪು ಕಡೆಯನ್ನು ಹಳೆಯ ಪೆನ್ನಿಗೆ ಸಿಕ್ಕಿಸಿಕೊಂಡರೆ ಆಯ್ತು. ಕತ್ತರಿಸುವಾಗ ಚೂರು ಹಾರುತ್ತದೆ, ಕಣ್ಣು ಜಾಗ್ರತೆ, ಮಕ್ಕಳ ಕೈಗೆ ಕೊಡಬೇಡಿ. ಅಂಟಿಗೆ ಫೆವಿಕಾಲ್ ಸಾಕು, ಆದರೆ ಬಾಟಲಿಯಿಂದ ನೇರ ಹಾಕುವುದು ಬೇಡ. ಒಂದು ಮುಚ್ಚಳಕ್ಕೆ ಸುರಿದುಕೊಂಡು ಟೂತ್‌ಪಿಕ್ ತುದಿಯಲ್ಲಿ ಸಾಸಿವೆಯಷ್ಟು ತೆಗೆದರೆ ಸಾಕು. ಹೊಸಬರ ಕಾರ್ಡನ್ನು ಗುರುತಿಸುವುದು ಸುಲಭ, ಹೂವಿನ ಸುತ್ತ ಅಂಟಿನ ಹೊಳಪು ಕಾಣುತ್ತದೆ.

ಒಂದು ಹೂವು ಮಾಡೋಣ

20 ಸೆಂಟಿಮೀಟರಿನಷ್ಟು ಪಟ್ಟಿ ತೆಗೆದುಕೊಳ್ಳಿ. ತುದಿಯನ್ನು ಕಡ್ಡಿಯ ಸೀಳಿಗೆ ಸಿಕ್ಕಿಸಿ ಒಂದೇ ಬಿಗಿಯಲ್ಲಿ ಕೊನೆಯವರೆಗೆ ಸುತ್ತಿ. ಅಲ್ಲೇ ಅಂಟಿಸಿದರೆ ಅದು ಬಿಗಿ ಸುರುಳಿ, ಹೂವಿನ ನಡುವಿನ ಬೊಟ್ಟಿಗೆ ಬರುತ್ತದೆ. ಕಡ್ಡಿಯಿಂದ ತೆಗೆದು ಕೈ ಬಿಟ್ಟರೆ ಸುರುಳಿ ತನ್ನಷ್ಟಕ್ಕೆ ಸಡಿಲವಾಗಿ ಅರಳುತ್ತದೆ, ಆಮೇಲೆ ತುದಿ ಅಂಟಿಸಿ. ಅದನ್ನು ಒಂದು ಕಡೆ ಚಿವುಟಿದರೆ ನೀರ ಹನಿಯ ಆಕಾರ. ಎರಡೂ ಕಡೆ ಚಿವುಟಿದರೆ ಕಣ್ಣಿನ ಆಕಾರ, ಹಸಿರು ಕಾಗದವಾದರೆ ಅದೇ ಎಲೆ. ಐದು ಹನಿಗಳ ಚೂಪು ತುದಿಯನ್ನು ಒಟ್ಟಿಗೆ ತಂದು ಅಂಟಿಸಿ, ನಡುವೆ ಹಳದಿ ಬಿಗಿ ಸುರುಳಿ ಇಟ್ಟರೆ ಹೂವು ಆಯ್ತು.

ತಂತ್ರ ಇಷ್ಟೇ. ಕಷ್ಟ ಇರುವುದು ಐದೂ ಎಸಳು ಒಂದೇ ಗಾತ್ರ ಬರುವುದರಲ್ಲಿ. ಜಾಮಿಟ್ರಿ ಬಾಕ್ಸಿನ ತೂತುಗಳಿರುವ ಪ್ಲಾಸ್ಟಿಕ್ ಅಚ್ಚಿನಲ್ಲಿ ಒಂದೇ ತೂತಿನೊಳಗೆ ಪ್ರತಿ ಸುರುಳಿಯನ್ನೂ ಬಿಟ್ಟು ಅರಳಿಸಿದರೆ ಗಾತ್ರ ತಪ್ಪುವುದಿಲ್ಲ.

ಎಸಳು ಬಿಡಿಸಿದ ಹೂವು ಇದಕ್ಕಿಂತ ಬೇಗ ಆಗುತ್ತದೆ. 10 ಮಿಲಿಮೀಟರ್ ಪಟ್ಟಿಯ ಒಂದು ಅಂಚಿನಲ್ಲಿ 3 ಮಿಲಿಮೀಟರ್ ಬಿಟ್ಟು ಉಳಿದದ್ದನ್ನು ಬಾಚಣಿಗೆಯ ಹಲ್ಲಿನ ಹಾಗೆ ಒತ್ತೊತ್ತಾಗಿ ಕತ್ತರಿಸಿ, ಬಿಗಿಯಾಗಿ ಸುತ್ತಿ, ಬುಡಕ್ಕೆ ಅಂಟು ಹಾಕಿ. ಒಣಗಿದ ಮೇಲೆ ಹೆಬ್ಬೆರಳಲ್ಲಿ ಎಸಳುಗಳನ್ನು ಹೊರಗೆ ಬಾಗಿಸಿದರೆ ಸೇವಂತಿಗೆ. ಮಲ್ಲಿಗೆ ಮೊಗ್ಗು ಬೇಕಾದರೆ 8 ಸೆಂಟಿಮೀಟರಿನ ಬಿಳಿ ಪಟ್ಟಿ, ಸಣ್ಣ ಹನಿ, ಬುಡಕ್ಕೆ ಹಸಿರಿನ ಒಂದೇ ಸುತ್ತು. ಮದುಮಗಳ ಮುಡಿಯ ಹಾಗೆ ಸಾಲಾಗಿ ಅಂಟಿಸಿದ ಮಲ್ಲಿಗೆ ಕಾರ್ಡು ನಮ್ಮ ಊರಿನ ಮದುವೆಗೆ ಗುಲಾಬಿಗಿಂತ ಚೆಂದ ಕಾಣುತ್ತದೆ, ನನಗಂತೂ ಹಾಗೆ ಅನಿಸುತ್ತದೆ. ಮಾರ್ಕೆಟಿನ ಗುಲಾಬಿ ಡಿಸೈನು ಎಲ್ಲರ ಹತ್ತಿರವೂ ಉಂಟು.

ಕಾರ್ಡಿನ ಹಾಳೆ 250 ಜಿಎಸ್ಎಂಗಿಂತ ಕಡಿಮೆ ಬೇಡ, ಹೂವಿನ ಭಾರಕ್ಕೆ ಬಾಗುತ್ತದೆ. ಎ4 ಹಾಳೆಯನ್ನು ಅರ್ಧ ಮಾಡಿ, ಆ ಅರ್ಧವನ್ನು ಮಡಚಿದರೆ ಒಂದು ಕಾರ್ಡು. ಒಂದು ಹಾಳೆಗೆ ಎರಡು ಕಾರ್ಡು ಅಂತ ಲೆಕ್ಕ.

ಅರಬಿ ಅಕ್ಷರಗಳನ್ನೂ ಪಟ್ಟಿಯಲ್ಲಿ ಬರೆಯಬಹುದು. ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ, ಗೆರೆಯಂತೆ ಬಗ್ಗಿಸಿ ಅಂಟಿಸುವುದು. ತುಂಬ ಚೆಂದ ಬರುತ್ತದೆ. ಆದರೆ ಕಾರ್ಡು, ಕವರ್ ಕೊನೆಗೆ ಕಸದ ಬುಟ್ಟಿಗೆ ಹೋಗುವಂಥವು. ಬಿಸ್ಮಿಲ್ಲಾಹ್, ಅಲ್ಲಾಹನ ಹೆಸರು ಇದ್ದರೆ ತೆಗೆದುಕೊಂಡವರಿಗೂ ಕಷ್ಟ. ಅಂಥದ್ದನ್ನು ಫ್ರೇಮಿಗೇ ಇಟ್ಟುಕೊಂಡರೆ ಒಳ್ಳೆಯದು. ಕಾರ್ಡಿಗೆ ಹೂವು, ಬಳ್ಳಿ, ಚಂದ್ರ ಸಾಕು.

ಈಗ ಲೆಕ್ಕ

ಬೀಡಿ ಕಟ್ಟುವ ಹೆಂಗಸನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಸಾವಿರಕ್ಕೆ ಎಷ್ಟು ಅಂತ ಹೇಳುತ್ತಾಳೆ. ಉಡುಪಿ ಮಲ್ಲಿಗೆ ಕಟ್ಟುವವರಿಗೆ ನಾಲ್ಕು ಚೆಂಡಿಗೆ ಒಂದು ಅಟ್ಟೆ, ಇವತ್ತು ಅಟ್ಟೆಗೆ ಎಷ್ಟು ಅಂತ ಬಾಯಿಪಾಠ. ಅವರ ಮಗಳು ಡಿಗ್ರಿ ಓದಿದವಳು, ಎರಡು ಗಂಟೆ ಕೂತು ಮಾಡಿದ ಕಾರ್ಡಿಗೆ ಎಷ್ಟು ಅಂತ ಕೇಳಿದರೆ ‘ಎಷ್ಟಾದರೂ ಕೊಡಿ’ ಅನ್ನುತ್ತಾಳೆ. ಇಲ್ಲವೇ ಕೇಳಲು ನಾಚಿಕೆ. ಸಂಬಂಧಿಕರಾದರೆ ಕೇಳುವ ಮಾತೇ ಇಲ್ಲ. ‘ಎಂಥ ದುಡ್ಡು ಮಾರಾಯ್ತಿ, ಕಾಗದ ಅಲ್ವ’ ಅಂತ ಮಾಮಿ ನಗುತ್ತಾ ಕವರ್ ಹಿಡಿದುಕೊಂಡು ಹೋಗುತ್ತಾರೆ. ಅವರ ಮೇಲೆ ತಪ್ಪು ಹೊರಿಸಿ ಪ್ರಯೋಜನ ಇಲ್ಲ. ಅವರ ಕಣ್ಣಿಗೆ ಕಾಣುವುದು ಕಾಗದ ಮಾತ್ರ, ಅದರ ಹಿಂದಿನ ಗಂಟೆಗಳನ್ನು ಯಾರೂ ಅವರಿಗೆ ಹೇಳಿಲ್ಲ.

ಒಂದು ಉದಾಹರಣೆ ಹಿಡಿಯೋಣ. ಮೂರು ಹೂವಿನ ಒಂದು ಕಾರ್ಡು. ಹೂವಿಗೆ ಐದರಂತೆ 15 ಎಸಳು, 3 ನಡುಬೊಟ್ಟು, 8 ಎಲೆ, 6 ಬಳ್ಳಿಯ ಸುರುಳಿ. ಒಟ್ಟು 32 ತುಂಡು. ಕೈ ಪಳಗಿದವರಿಗೆ ತುಂಡಿಗೆ ಒಂದೂವರೆ ನಿಮಿಷ ಅಂತ ಹಿಡಿದರೂ 48 ನಿಮಿಷ. ಕಾರ್ಡು ಕತ್ತರಿಸುವುದು, ಮಡಚುವುದು, ತುಂಡುಗಳನ್ನು ಜೋಡಿಸಿ ನೋಡುವುದು, ಅಂಟಿಸುವುದು, ಒಳಗೆ ಚೆಂದದ ಅಕ್ಷರದಲ್ಲಿ ಬರೆಯುವುದು, ಎಲ್ಲ ಸೇರಿ ಒಂದೂವರೆ ಗಂಟೆ. ಸಾಮಾನಿಗೆ 20 ರೂಪಾಯಿ ಆಯಿತು ಅಂತಿಟ್ಟುಕೊಳ್ಳಿ. ಕಾರ್ಡನ್ನು 50 ರೂಪಾಯಿಗೆ ಕೊಟ್ಟರೆ ಕೈಗೆ ಉಳಿದದ್ದು 30. ಗಂಟೆಗೆ 20 ರೂಪಾಯಿ. ಎರಡು ಚಹಾಕ್ಕೆ ಸಾಕಾದೀತು, ಅಷ್ಟೆ.

ಹಾಗಾದರೆ ಎಷ್ಟಿಡಬೇಕು? ಮೊದಲು ನಿಮ್ಮ ಗಂಟೆಗೆ ಒಂದು ದರ ನೀವೇ ಕಟ್ಟಿ. ನಿಮ್ಮ ಊರಿನಲ್ಲಿ ಹೊಲಿಗೆಗೆ, ಬೀಡಿಗೆ ಗಂಟೆಗೆ ಎಷ್ಟು ಬೀಳುತ್ತದೆ ಅಂತ ನೋಡಿ, ಅದಕ್ಕಿಂತ ಕೆಳಗೆ ಇಳಿಯಬೇಡಿ. ಲೆಕ್ಕಕ್ಕೆ 60 ರೂಪಾಯಿ ಅಂತ ಹಿಡಿದರೆ ಒಂದೂವರೆ ಗಂಟೆಗೆ 90, ಸಾಮಾನು 20, ಪ್ಯಾಕಿಂಗಿಗೆ 10. ಒಟ್ಟು 120.

ಇಷ್ಟು ಹೇಳಿದರೆ ‘ಕಾರ್ಡಿಗೆ ಅಷ್ಟು ಕೊಡುವವರು ಯಾರು’ ಅಂತ ಕೇಳುವವರು ಇದ್ದೇ ಇರುತ್ತಾರೆ. ಅವರು ಹೇಳುವುದರಲ್ಲೂ ಸತ್ಯ ಉಂಟು. ಆಗ ಹೆಚ್ಚಿನವರು ದರ ಇಳಿಸುತ್ತಾರೆ. ಇಳಿಸಬೇಕಾದದ್ದು ಸುರುಳಿಯನ್ನು. ಒಂದೇ ಹೂವು, ಎರಡು ಎಲೆ, ಒಂದು ಬಳ್ಳಿ, ಒಟ್ಟು 9 ತುಂಡು. ಅಂಟಿಸುವುದೂ ಸೇರಿ ಹೆಚ್ಚೆಂದರೆ 25 ನಿಮಿಷದ ಕೆಲಸ. ಅದೇ ದರದಲ್ಲಿ 25 ರೂಪಾಯಿ, ಸಾಮಾನಿಗೆ 10. ಮದುವೆಯ ದುಡ್ಡಿನ ಕವರ್ 35 ರೂಪಾಯಿಗೆ ಕೊಡಬಹುದು, ನಿಮಗೂ ನಷ್ಟ ಇಲ್ಲ. ಖಾಲಿ ಜಾಗ ಇರುವ ಕವರ್ ನೋಡಲಿಕ್ಕೂ ಲಕ್ಷಣ. ತುಂಬ ಹೂವು ತುರುಕಿದರೆ ಬೆಲೆ ಜಾಸ್ತಿ ಕಾಣುತ್ತದೆ ಎನ್ನುವುದು ತಪ್ಪು ತಿಳುವಳಿಕೆ.

ದೊಡ್ಡ ಆರ್ಡರ್ ಬಂದಾಗ ಖುಷಿಯಲ್ಲಿ ಒಪ್ಪಿಕೊಳ್ಳುವ ಮೊದಲು ಗಂಟೆ ಎಣಿಸಿ. ಮೂರು ಹೂವಿನ 50 ಕಾರ್ಡು ಎಂದರೆ 75 ಗಂಟೆ. ಮನೆಗೆಲಸ, ಮಕ್ಕಳ ಮದ್ರಸ, ಶಾಲೆ ಎಲ್ಲ ಮುಗಿಸಿ ದಿನಕ್ಕೆ ನಾಲ್ಕು ಗಂಟೆ ಸಿಕ್ಕಿದರೆ 19 ದಿನ. ‘ಹತ್ತು ದಿನದಲ್ಲಿ ಬೇಕು’ ಅಂದರೆ ಇಬ್ಬರು ಕೂರಬೇಕು, ಅಥವಾ ಡಿಸೈನ್ ಸಣ್ಣದು ಮಾಡಬೇಕು. ಮೊದಲು ಒಂದು ಸ್ಯಾಂಪಲ್ ತೋರಿಸಿ ಒಪ್ಪಿಗೆ ತೆಗೆದುಕೊಳ್ಳಿ, ಅರ್ಧ ದುಡ್ಡು ಮುಂಗಡ ಇಸಿದುಕೊಳ್ಳಿ, ಬಣ್ಣ, ಸಂಖ್ಯೆ, ಕೊಡುವ ದಿನವನ್ನು ವಾಟ್ಸಪ್‌ನಲ್ಲೇ ಬರೆದು ಕಳಿಸಿ. ಬಾಯಿಮಾತಲ್ಲಿ ಉಳಿದ ಆರ್ಡರು ಕೊನೆಗೆ ಜಗಳಕ್ಕೆ ದಾರಿ. ಹತ್ತಿರದ ಸಂಬಂಧಿಕರಿಗೆ ಉಡುಗೊರೆಯಾಗಿಯೇ ಕೊಡಬೇಕು ಅನಿಸಿದರೆ ಧಾರಾಳವಾಗಿ ಕೊಡಿ. ಆದರೆ ಅದು ನೀವು ತೀರ್ಮಾನ ಮಾಡಿ ಕೊಟ್ಟ ಉಡುಗೊರೆ ಆಗಿರಲಿ. ‘ಇದಕ್ಕೆ 120 ರೂಪಾಯಿ, ನಿಮಗೆ ನನ್ನ ಕಡೆಯಿಂದ’ ಅಂತ ಒಂದು ಮಾತು ಹೇಳಿ ಕೊಟ್ಟರೆ ಮುಂದಿನ ಸಲ ಆ ಮಾಮಿಯೇ ನಾಲ್ಕು ಗಿರಾಕಿ ಕರೆತಂದಾರು.

ನೀರು ಮತ್ತು ಮಳೆಗಾಲ

ನಮ್ಮ ಕರಾವಳಿಯಲ್ಲಿ ಈ ಕೆಲಸಕ್ಕೆ ದೊಡ್ಡ ಶತ್ರು ಜೂನ್‌ನಿಂದ ಸೆಪ್ಟೆಂಬರ್. ಗಾಳಿಯ ತೇವಕ್ಕೇ ಕಾಗದ ಮೆತ್ತಗಾಗಿ ಸುರುಳಿ ಸಡಿಲವಾಗುತ್ತದೆ, ಬಿಳಿ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಪಟ್ಟಿ, ಮಾಡಿಟ್ಟ ಹೂವು ಎಲ್ಲವನ್ನೂ ಬಿಗಿ ಮುಚ್ಚಳದ ಡಬ್ಬದಲ್ಲಿಡಿ. ಹೊಸ ಬ್ಯಾಗು, ಚಪ್ಪಲಿಯ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಬಿಸಾಡದೆ ಅದರೊಳಗೆ ಹಾಕಿ. ಮಳೆಗಾಲದ ಆರ್ಡರಿಗೆ ಅಂಟು ಒಣಗಲು ಒಂದು ದಿನ ಜಾಸ್ತಿಯೇ ಹಿಡಿಯಿರಿ.

ಕಾರ್ಡನ್ನು ಸಾದಾ ಕವರಿನಲ್ಲಿ ಹಾಕಿ ಅಂಚೆಗೆ ಹಾಕಿದರೆ ತಲುಪುವಾಗ ಹೂವು ಚಪಾತಿ ಆಗಿರುತ್ತದೆ. ಅರ್ಧ ಇಂಚು ಎತ್ತರದ ರಟ್ಟಿನ ಪೆಟ್ಟಿಗೆ ಬೇಕು. ಸ್ವೀಟ್ ಬಾಕ್ಸಿನ ರಟ್ಟನ್ನೇ ಒಳಗಡೆ ಹೊರಗೆ ಮಾಡಿ ಮಡಚಿಕೊಳ್ಳಬಹುದು. ಫ್ರೇಮ್ ಮಾಡಿಸುವಾಗಲೂ ಗಾಜು ಹೂವಿಗೆ ತಾಗದ ಹಾಗೆ ಆಳ ಇರುವ ಫ್ರೇಮನ್ನೇ ಹೇಳಿ, ನೇರ ಬಿಸಿಲು ಬೀಳುವ ಗೋಡೆಗೆ ತೂಗುಹಾಕದಂತೆ ಗಿರಾಕಿಗೂ ತಿಳಿಸಿ. ಬಣ್ಣ ಬಿಳುಚಿದ ಮೇಲೆ ದೂರು ಬರುವುದು ನಿಮ್ಮ ಮೇಲೆಯೇ.

ಜುಮುಕಿ ಮಾಡುವವರು ಬಿಗಿ ಸುರುಳಿಯನ್ನು ಹೆಬ್ಬೆರಳಲ್ಲಿ ಒತ್ತಿ ಗುಮ್ಮಟದ ಹಾಗೆ ಉಬ್ಬಿಸಿದ ಮೇಲೆ ಒಳಗಡೆಗೆ ಅಂಟಿನ ಒಂದು ಪದರ ಸವರಬೇಕು, ಇಲ್ಲದಿದ್ದರೆ ಕುಸಿಯುತ್ತದೆ. ಅದು ಒಣಗಿದ ಮೇಲೆ ಹೊರಗಡೆಗೆ ಬಣ್ಣವಿಲ್ಲದ ನೈಲ್ ಪಾಲಿಶ್ ಎರಡು ಸಲ. ಬೆವರಿಗೆ, ಹನಿ ನೀರಿಗೆ ತಡೆಯುತ್ತದೆ. ಕೊಡುವಾಗ ಮಾತ್ರ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ: ಸ್ನಾನಕ್ಕೆ, ವುಝೂ ಮಾಡಲಿಕ್ಕೆ ಹೋಗುವ ಮೊದಲು ಕಿವಿಯಿಂದ ತೆಗೆದಿಡಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ.